ಸ್ಪೋರ್ಟ್ ಎಟಿವಿಗೆ ಸ್ಪ್ರಾಕೆಟ್ ಆರಿಸುವ ಬಗೆ: ಪುಣೆ ಸುತ್ತಮುತ್ತಲಿನ ಸವಾರರಿಗೆ

ಸ್ಪೋರ್ಟ್ ಎಟಿವಿಯ (ಕಚ್ಚಾ ಹಾದಿಗಳಲ್ಲಿ ಓಡಿಸುವ ನಾಲ್ಕು ಚಕ್ರದ ಚುರುಕಿನ ಗಾಡಿ) ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್ ದಾಟಿದ ಮೇಲೆ ಹಿಂದಿನ ಚಕ್ರಗಳನ್ನು ಮುಟ್ಟುವುದು ಒಂದು ಚೈನ್ ಮತ್ತು ಎರಡು ಸ್ಪ್ರಾಕೆಟ್‌ಗಳ (ಚೈನ್ ಕೂರುವ ಹಲ್ಲಿನ ಚಕ್ರಗಳ) ಮೂಲಕ. ಗೇರ್‌ಬಾಕ್ಸ್‌ನಿಂದ ಹೊರಬಂದ ಶಾಫ್ಟಿನ ತುದಿಯಲ್ಲಿ ಚಿಕ್ಕದು, ಹಿಂದಿನ ಆಕ್ಸಲ್ ಮೇಲೆ ದೊಡ್ಡದು. ಈ ಎರಡರ ಹಲ್ಲುಗಳ ಸಂಖ್ಯೆಯನ್ನು ಬದಲಿಸಿದರೆ ಗಾಡಿಯ ಪಿಕಪ್ ಮತ್ತು ಟಾಪ್ ಸ್ಪೀಡ್ ಎರಡೂ ಬದಲಾಗುತ್ತವೆ. ಎಂಜಿನ್ ಬಿಚ್ಚದೆ, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮುಟ್ಟದೆ ಗಾಡಿಯ ಸ್ವಭಾವವನ್ನೇ ಬದಲಿಸುವ ಇಷ್ಟು ಅಗ್ಗದ ದಾರಿ ಬೇರೊಂದಿಲ್ಲ. ಆದರೂ ಹೆಚ್ಚಿನವರು ಮೊದಲು ದುಬಾರಿ ಸೈಲೆನ್ಸರ್‌ಗೆ ಹಣ ಸುರಿದು, ಸ್ಪ್ರಾಕೆಟ್ಟನ್ನು ಸವೆದು ಹೋದಾಗ ಮಾತ್ರ ನೆನೆಸಿಕೊಳ್ಳುತ್ತಾರೆ.

ಮೊದಲಿಗೆ ನಿಮ್ಮ ಗಾಡಿಗೆ ಈ ವಿಷಯ ಅನ್ವಯಿಸುತ್ತದೆಯೇ ನೋಡಿಕೊಳ್ಳಿ. ಪೋಲಾರಿಸ್ ಸ್ಪೋರ್ಟ್ಸ್‌ಮನ್‌ನಂಥ ಕೆಲಸದ ಎಟಿವಿಗಳಲ್ಲಿ ಬೆಲ್ಟ್ ಸಿವಿಟಿ (ತಾನಾಗಿಯೇ ಬದಲಾಗುವ ಗೇರ್) ಮತ್ತು ಚೈನಿನ ಬದಲು ಶಾಫ್ಟ್ ಡ್ರೈವ್ ಇರುವುದರಿಂದ ಅಲ್ಲಿ ಬದಲಿಸಲು ಸ್ಪ್ರಾಕೆಟ್ಟೇ ಇಲ್ಲ. ಈ ಬರಹ ಕೈ ಕ್ಲಚ್, ಕಾಲಿನ ಗೇರ್ ಮತ್ತು ಚೈನ್ ಇರುವ ಗಾಡಿಗಳಿಗೆ ಮಾತ್ರ.

ಲೆಕ್ಕ ಸರಳವಾದದ್ದು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಮುಂದಿನದರ ಹಲ್ಲುಗಳಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಯಮಾಹಾ ರ‍್ಯಾಪ್ಟರ್ 700 ಮತ್ತು ವೈಎಫ್‌ಝಡ್ 450 ಕಾರ್ಖಾನೆಯಿಂದ ಮುಂದೆ 14, ಹಿಂದೆ 38 ಹಲ್ಲುಗಳೊಂದಿಗೆ ಬರುತ್ತವೆ, ಅನುಪಾತ 2.71. ಅಂದರೆ ಆಕ್ಸಲ್ ಒಂದು ಸುತ್ತು ತಿರುಗಬೇಕಾದರೆ ಮುಂದಿನ ಸ್ಪ್ರಾಕೆಟ್ 2.71 ಸುತ್ತು ತಿರುಗಬೇಕು. ಹೋಂಡಾ ಟಿಆರ್‌ಎಕ್ಸ್ 400 ಇಎಕ್ಸ್‌ನಲ್ಲಿ 15 ಮತ್ತು 38, ಅನುಪಾತ 2.53, ಸುಝುಕಿ ಎಲ್‌ಟಿಝಡ್ 400ರಲ್ಲಿ 14 ಮತ್ತು 40, ಅನುಪಾತ 2.86. ಈ ಸಂಖ್ಯೆ ಏರಿದಷ್ಟೂ ಎಳೆತ ಹೆಚ್ಚುತ್ತದೆ, ಪ್ರತಿ ಗೇರಿನ ವೇಗ ಇಳಿಯುತ್ತದೆ. ಸಂಖ್ಯೆ ಇಳಿದರೆ ಇದರ ತಿರುಗುಮುರುಗು. ಆದರೆ ಒಂದು ಕಂಪನಿಯ ಗಾಡಿಯ ಅನುಪಾತವನ್ನು ಇನ್ನೊಂದರ ಜೊತೆ ಹೋಲಿಸಿ ಯಾವುದು ಚುರುಕು ಎಂದು ತೀರ್ಮಾನಿಸಬಾರದು, ಏಕೆಂದರೆ ಗೇರ್‌ಬಾಕ್ಸಿನ ಒಳಗಿನ ಅನುಪಾತಗಳು ಪ್ರತಿ ಗಾಡಿಯಲ್ಲೂ ಬೇರೆಯಾಗಿರುತ್ತವೆ. ಇಲ್ಲಿ ಸಿಗುವ ಸ್ಪೋರ್ಟ್ ಎಟಿವಿಗಳಲ್ಲಿ ಹಲವು ಕೈ ಬದಲಾಯಿಸಿ ಬಂದವು. ಹಿಂದಿನ ಮಾಲೀಕ ಏನು ಹಾಕಿದ್ದನೋ ತಿಳಿಯದು. ಆದ್ದರಿಂದ ಕ್ಯಾಟಲಾಗನ್ನು ನಂಬದೆ ಕವರ್ ಬಿಚ್ಚಿ, ಸ್ಪ್ರಾಕೆಟ್ಟಿನ ಮುಖದ ಮೇಲಿನ ಅಚ್ಚು ಓದಿ, ಅಚ್ಚು ಅಳಿಸಿದ್ದರೆ ಸೀಮೆಸುಣ್ಣದಿಂದ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿ.

14ರ ಬದಲು ಮುಂದೆ 13 ಹಾಕಿದರೆ ಅನುಪಾತ 2.71ರಿಂದ 2.92ಕ್ಕೆ ಏರುತ್ತದೆ. ಎಳೆತ ಶೇಕಡಾ 7.7ರಷ್ಟು ಹೆಚ್ಚುತ್ತದೆ, ಜಿಪಿಎಸ್‌ನಲ್ಲಿ 100 ಕಿ.ಮೀ. ತೋರಿಸುತ್ತಿದ್ದ ಗಾಡಿ ಅದೇ ಆರ್‌ಪಿಎಂನಲ್ಲಿ ಸುಮಾರು 93 ತೋರಿಸುತ್ತದೆ. ಅದೇ ಹಿಂದೆ 38ರ ಬದಲು 39 ಹಾಕಿದರೆ ವ್ಯತ್ಯಾಸ ಶೇಕಡಾ 2.6 ಮಾತ್ರ. ಮುಂದಿನ ಒಂದು ಹಲ್ಲು ಹಿಂದಿನ ಹೆಚ್ಚುಕಡಿಮೆ ಮೂರು ಹಲ್ಲುಗಳಿಗೆ ಸಮ ಎಂದು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಕ್ಯಾಲ್ಕುಲೇಟರ್ ತೆಗೆಯುವ ಅಗತ್ಯ ಬೀಳದು. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು: ಸ್ಪ್ರಾಕೆಟ್ ಬದಲಾವಣೆ ಎಲ್ಲ ಗೇರ್‌ಗಳನ್ನೂ ಒಂದೇ ಪ್ರಮಾಣದಲ್ಲಿ ಬದಲಿಸುತ್ತದೆ. ಎರಡನೆಯ ಮತ್ತು ಮೂರನೆಯ ಗೇರ್‌ಗಳ ನಡುವೆ ಅಂತರ ಹೆಚ್ಚಾಯಿತು ಎನ್ನುವವರ ಸಮಸ್ಯೆಯನ್ನು ಅದು ಬಗೆಹರಿಸದು. ಆ ಅಂತರ ಎದುರಾಗುವ ವೇಗವನ್ನು ಸ್ವಲ್ಪ ಆಚೀಚೆ ಸರಿಸುತ್ತದೆ, ಅಷ್ಟೆ. ಎಷ್ಟೋ ಬಾರಿ ಅದೇ ಸಾಕಾಗುತ್ತದೆ, ಏಕೆಂದರೆ ತೊಂದರೆ ಕೊಡುತ್ತಿದ್ದ ತಿರುವಿನಲ್ಲಿ ಆ ಅಂತರ ಬಾರದಂತೆ ಮಾಡಿದರೆ ಸವಾರನಿಗೆ ಅದು ಇಲ್ಲದಂತೆಯೇ.

ಹಲ್ಲುಗಳ ಲೆಕ್ಕದಷ್ಟೇ ಮುಖ್ಯವಾದದ್ದು ಟೈರಿನ ಲೆಕ್ಕ. ಎಲ್ಲರೂ ಮರೆಯುವುದೂ ಇದನ್ನೇ. ಹಿಂದಿನ ಟೈರ್ 20 ಇಂಚಿನದ್ದಾದರೆ ಅದರ ಸುತ್ತಳತೆ ಕಾಗದದ ಮೇಲೆ ಸುಮಾರು 1.6 ಮೀಟರ್. 22 ಇಂಚಿನ ಟೈರ್ ಹಾಕಿದ ಕೂಡಲೇ ಸುತ್ತಳತೆ ಶೇಕಡಾ 10 ಹೆಚ್ಚಿ, ಒಂದು ಹಲ್ಲೂ ಮುಟ್ಟದೆಯೇ ಗಾಡಿಯ ಗೇರಿಂಗ್ ಶೇಕಡಾ 10ರಷ್ಟು ಉದ್ದವಾಗುತ್ತದೆ, ಅಂದರೆ ಅದೇ ಆರ್‌ಪಿಎಂನಲ್ಲಿ ವೇಗ ಹೆಚ್ಚಿ ಎಳೆತ ಕುಗ್ಗುತ್ತದೆ (ಇದರ ವಿರುದ್ಧವಾದದ್ದು ಚಿಕ್ಕ ಗೇರಿಂಗ್). 14ಕ್ಕೆ 38 ಇದ್ದ ಗಾಡಿಯಲ್ಲಿ ಮೊದಲಿನ ಎಳೆತವನ್ನು ಮರಳಿ ಪಡೆಯಲು ಸುಮಾರು 3.0 ಅನುಪಾತ ಬೇಕು, ಅಂದರೆ 13ಕ್ಕೆ 39 ಅಥವಾ 14ಕ್ಕೆ 42. ಮೋಟೋಕ್ರಾಸ್ ಟ್ರ್ಯಾಕಿಗೆಂದು 18 ಇಂಚಿನ ಟೈರ್ ಹಾಕುವವರಿಗೆ ಇದರ ವಿರುದ್ಧ ಆಗುತ್ತದೆ: ಗಾಡಿ ತಾನಾಗಿಯೇ ಚುರುಕಾಗಿರುತ್ತದೆ, ಅದರ ಮೇಲೆ ಮುಂದಿನ ಹಲ್ಲನ್ನೂ ಇಳಿಸಿದರೆ ಮೊದಲ ಗೇರ್ ಹಾಕಿದಷ್ಟೇ ಬೇಗ ಮುಗಿದುಹೋಗುತ್ತದೆ. ಅವರು ಮೊದಲಿನ ಸ್ಥಿತಿಗೆ ಹತ್ತಿರ ಬರಬೇಕಾದರೆ 15ಕ್ಕೆ 37 ಸರಿಹೊಂದುತ್ತದೆ.

ಟೈರಿನ ಗೋಡೆಯ ಮೇಲೆ ಬರೆದ ಅಳತೆಯನ್ನು ಪೂರ್ತಿ ನಂಬುವಂತಿಲ್ಲ. ಎಟಿವಿ ಟೈರ್‌ಗಳಲ್ಲಿ ಗಾಳಿ ಬಹಳ ಕಡಿಮೆ, ಸಾಮಾನ್ಯವಾಗಿ 4ರಿಂದ 6 ಪಿಎಸ್‌ಐ ಇರುತ್ತದೆ, ಸವಾರ ಕುಳಿತಾಗ ಅವು ಚೆನ್ನಾಗಿ ಕುಗ್ಗುತ್ತವೆ. ಆದ್ದರಿಂದ ಸಮತಟ್ಟಾದ ನೆಲದ ಮೇಲೆ ಟೈರಿಗೂ ನೆಲಕ್ಕೂ ಒಂದೇ ಕಡೆ ಸೀಮೆಸುಣ್ಣದ ಗುರುತು ಹಾಕಿ, ಸವಾರ ಕುಳಿತಿರುವಾಗ ಗಾಡಿಯನ್ನು ಒಂದು ಪೂರ್ತಿ ಸುತ್ತು ತಳ್ಳಿಸಿ, ಎರಡು ಗುರುತುಗಳ ನಡುವಿನ ದೂರ ಅಳೆಯಿರಿ. ನಿಜವಾದ ಸುತ್ತಳತೆ ಅದು. ಇದೇ ಕೆಲಸವನ್ನು ಎರಡೂ ಹಿಂದಿನ ಟೈರ್‌ಗಳಿಗೆ ಮಾಡಿ. ಸ್ಪೋರ್ಟ್ ಎಟಿವಿಯ ಹಿಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಇರುವುದಿಲ್ಲ, ಎರಡೂ ಚಕ್ರಗಳು ಒಂದೇ ಸರಳಿಗೆ ಬಿಗಿದಿರುತ್ತವೆ, ಹಾಗಾಗಿ ಸುತ್ತಳತೆಯಲ್ಲಿ ವ್ಯತ್ಯಾಸವಿದ್ದರೆ ಗಾಡಿ ಸದಾ ಒಂದು ಬದಿಗೆ ಎಳೆಯುತ್ತದೆ. ಪೆಟ್ರೋಲ್ ಬಂಕಿನ ಗಾಳಿಯ ಮೀಟರ್ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸದ ಕಾರಣ ಕಡಿಮೆ ಒತ್ತಡದ ಗೇಜ್ ಒಂದನ್ನು ಕೊಂಡಿಟ್ಟುಕೊಳ್ಳುವುದು ಲೇಸು.

ಇನ್ನು ಆಯ್ಕೆಯ ಮಾತು. ಎಷ್ಟು ಹಲ್ಲು ಬೇಕೆಂಬುದನ್ನು ನಿಮ್ಮ ಎಡಗೈ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ನೀವು ಹೆಚ್ಚಾಗಿ ಓಡಿಸುವ ಜಾಗದಲ್ಲಿ ಎಂದಿನ ವೇಗದಲ್ಲೇ ಓಡಿಸಿ, ಕ್ಲಚ್ ಮೇಲಿನ ಕೈ ಏನು ಮಾಡುತ್ತಿದೆ ಎಂಬುದನ್ನು ಮಾತ್ರ ಗಮನಿಸಿ. ಅತಿ ನಿಧಾನವಾದ ತಿರುವಿನಿಂದ ಹೊರಬರುವಾಗ ಎರಡನೆಯ ಗೇರ್‌ನಲ್ಲಿ ಹಾಫ್ ಕ್ಲಚ್ ಹಿಡಿದು ಎಂಜಿನ್ನನ್ನು ಎಬ್ಬಿಸಬೇಕಾಗುತ್ತದೆ, ಮೊದಲನೆಯದಕ್ಕೆ ಇಳಿಸಿದರೆ ಮರುಕ್ಷಣವೇ ಅದು ಮುಗಿದುಹೋಗುತ್ತದೆ ಎಂದಾದರೆ ಗೇರಿಂಗ್ ಆ ಜಾಗಕ್ಕೆ ಉದ್ದವಾಗಿದೆ. ಕಲ್ಲಿನ ಏರಿನಲ್ಲಿ ಮೊದಲ ಗೇರ್‌ನಲ್ಲಿಯೂ ಕ್ಲಚ್ ಬಿಡಲು ಆಗುತ್ತಿಲ್ಲ, ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಬರುತ್ತದೆ ಎಂದಾದರೆ ಅನುಮಾನವೇ ಬೇಡ. ಇದಕ್ಕೆ ಪ್ರತಿಯಾಗಿ ಮೊದಲ ಗೇರನ್ನು ಹೊರಡುವಾಗ ಬಿಟ್ಟರೆ ಮತ್ತೆಲ್ಲಿಯೂ ಬಳಸುತ್ತಿಲ್ಲ, ಉದ್ದನೆಯ ನೇರ ದಾರಿಯಲ್ಲಿ ಕೊನೆಯ ಗೇರ್‌ನಲ್ಲಿ ಎಂಜಿನ್ ಲಿಮಿಟರ್ (ಆರ್‌ಪಿಎಂ ಮಿತಿ) ಮುಟ್ಟಿ ಒದರುತ್ತಲೇ ಇರುತ್ತದೆ ಎಂದಾದರೆ ಗೇರಿಂಗ್ ಚಿಕ್ಕದಾಗಿದೆ. ಕೊನೆಯ ನೂರಿನ್ನೂರು ಮೀಟರ್‌ನಲ್ಲಿ ಮಾತ್ರ ಲಿಮಿಟರ್ ತಾಗಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಟಾಪ್ ಸ್ಪೀಡ್ ಕಳೆದುಕೊಳ್ಳುವ ಭಯ ಬಹಳ ಜನರನ್ನು ಕಾಡುತ್ತದೆ. ಆದರೆ ಮುಳಶಿ, ತಾಮ್ಹಿಣಿಯ ಕಡೆಯ ಖಾಸಗಿ ಜಮೀನಿನ ಹಾದಿಗಳಲ್ಲಾಗಲಿ, ಲೋಣಾವಳದ ಇಕ್ಕಟ್ಟಾದ ಸರ್ಕೀಟುಗಳಲ್ಲಾಗಲಿ 450 ಅಥವಾ 700 ಸಿಸಿ ಗಾಡಿಯ ಕೊನೆಯ ಗೇರನ್ನು ಪೂರ್ತಿ ಬಳಸುವಷ್ಟು ಉದ್ದದ ದಾರಿ ಎಲ್ಲಿದೆ? ಈ ಗಾಡಿಗಳು ನಮ್ಮಲ್ಲಿ ರಸ್ತೆಗೆ ನೋಂದಣಿಯಾಗುವುದಿಲ್ಲ, ಹಾಗಾಗಿ ಹೆದ್ದಾರಿಯ ವೇಗ ಇಟ್ಟುಕೊಂಡು ಮಾಡುವುದೂ ಏನಿಲ್ಲ. ಗೋವಾಕ್ಕೆ ಒಯ್ದು ಮರಳಿನ ಮೇಲೆ ಓಡಿಸುವ ಆಸೆ ಇರುವವರು ಅಲ್ಲಿನ ಕಡಲತೀರಗಳಲ್ಲಿ ವಾಹನ ಓಡಿಸುವುದು ಕಾನೂನಿಗೆ ವಿರುದ್ಧ ಎಂಬುದನ್ನು ತಿಳಿದಿರಬೇಕು. ಹೀಗಿರುವಾಗ ನಮ್ಮ ಕಡೆಯ ಬಹುಪಾಲು ಸವಾರರಿಗೆ ಕಾರ್ಖಾನೆಯ ಗೇರಿಂಗ್‌ಗಿಂತ ಶೇಕಡಾ 5ರಿಂದ 8ರಷ್ಟು ಚಿಕ್ಕದಾದ ಗೇರಿಂಗ್ ಹಿತವಾಗಿರುತ್ತದೆ.

ಎಂಜಿನ್ನಿನ ಗುಣವೂ ಇದರಲ್ಲಿ ಪಾತ್ರ ವಹಿಸುತ್ತದೆ. 700 ಸಿಸಿಯ ಒಂಟಿ ಸಿಲಿಂಡರ್ ಕೆಳಗಿನ ಆರ್‌ಪಿಎಂನಲ್ಲೇ ತುಂಬು ಎಳೆತ ಕೊಡುವುದರಿಂದ ಉದ್ದದ ಗೇರಿಂಗನ್ನು ಸಹಿಸುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಜೀವ ತಳೆಯುವ 450 ಅದನ್ನು ಸಹಿಸದು, ಅದಕ್ಕೆ ಸದಾ ಕುದಿಯುತ್ತಿರುವಂತೆ ನೋಡಿಕೊಳ್ಳುವ ಚಿಕ್ಕ ಗೇರಿಂಗ್ ಬೇಕು. ಎತ್ತರದ ಮಾತೂ ಹಾಗೆಯೇ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಏರಿಗೆ ಸರಿಸುಮಾರು ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಮಹಾಬಳೇಶ್ವರ 1,350 ಮೀಟರ್ ದಾಟುತ್ತದೆ. ಗೋವಾದ ಕೆಳಬಯಲಿನಲ್ಲಿ ಹೊಂದಿಸಿದ ಗಾಡಿಯನ್ನು ಮಹಾಬಳೇಶ್ವರಕ್ಕೆ ಒಯ್ದರೆ ಫ್ಯೂಯಲ್ ಇಂಜೆಕ್ಷನ್ ಇಂಧನದ ಪ್ರಮಾಣವನ್ನು ಸರಿಪಡಿಸಬಹುದೇ ಹೊರತು ಇಲ್ಲದ ಗಾಳಿಯನ್ನು ತಂದುಕೊಡಲಾರದು; ಅಲ್ಲಿ ಮುಂದಿನ ಒಂದು ಹಲ್ಲು ಇಳಿಸಿದರೆ ಕಳೆದುಹೋದ ಎಳೆತದ ಸುಮಾರು ಅರ್ಧ ಪಾಲು ಮರಳುತ್ತದೆ.

ನೆಲದ ವಿಷಯಕ್ಕೆ ಬಂದರೆ, ಕೊಂಕಣದ ಕೆಂಪು ಮುರಕಲ್ಲಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ, ಚಿಕ್ಕ ಗೇರಿಂಗಿನ ಲಾಭ ಪೂರ್ತಿ ಸಿಗುತ್ತದೆ. ಪುಣೆಯಿಂದ ಸೊಲ್ಲಾಪುರದ ಕಡೆಗಿನ ಎರೆಮಣ್ಣಿನ ಕಥೆಯೇ ಬೇರೆ. ವಿಜಯಪುರದ ಎರೆಹೊಲ ಕಂಡವರಿಗೆ ಮಳೆಗಾಲದಲ್ಲಿ ಅದು ಚಕ್ರಕ್ಕೆ ಹೇಗೆ ಮೆತ್ತಿಕೊಳ್ಳುತ್ತದೆ ಎಂದು ವಿವರಿಸಬೇಕಾಗಿಲ್ಲ. ಆ ಕೆಸರಿನಲ್ಲಿ ಟೈರಿನ ತೂಕವೇ ಇಮ್ಮಡಿಯಾದಂತಾಗಿ ಎಂಜಿನ್ ಮೇಲೆ ಹೊರೆ ಬೀಳುವುದರಿಂದ ಚಿಕ್ಕ ಗೇರಿಂಗ್ ಬೇಕೆನಿಸುತ್ತದೆ, ಆದರೆ ಅತಿ ಚಿಕ್ಕದಾದರೆ ಚಕ್ರ ಅಲ್ಲೇ ಗಿರಗಿರ ತಿರುಗಿ ಗುಂಡಿ ತೋಡುತ್ತದೆ. ಕಡಿದಾದ ಏರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಚಿಕ್ಕ ಗೇರಿಂಗ್ ನಿಧಾನವಾಗಿ ಹತ್ತಲು ಅನುಕೂಲ ಮಾಡಿಕೊಟ್ಟರೂ ಥ್ರಾಟಲ್ ಒಮ್ಮೆಲೇ ಒತ್ತಿದಾಗ ಮುಂಭಾಗ ಎದ್ದೇಳುವುದು ಮೊದಲಿಗಿಂತ ಸುಲಭವಾಗುತ್ತದೆ, ಎಟಿವಿ ಹಿಂದಕ್ಕೆ ಮಗುಚಿದರೆ ಅದರ ಪೂರ್ತಿ ಭಾರ ಸವಾರನ ಮೇಲೆ ಬೀಳುತ್ತದೆ. ಹೊಸ ಗೇರಿಂಗ್ ಹಾಕಿದ ಮೇಲೆ ಮೊದಲ ಸವಾರಿಯನ್ನು ಸಮತಟ್ಟಾದ ಜಾಗದಲ್ಲೇ ಮಾಡುವುದು ಕ್ಷೇಮ.

ಮುಂದಿನದನ್ನು ಬದಲಿಸಬೇಕೋ ಹಿಂದಿನದನ್ನೋ? ಪ್ರಯೋಗಕ್ಕೆ ಮುಂದಿನದು, ನೆಲೆಗೊಳಿಸಲು ಹಿಂದಿನದು ಎನ್ನುತ್ತೇನೆ ನಾನು. ಮುಂದಿನ ಸ್ಪ್ರಾಕೆಟ್ ಅಗ್ಗ, ಬದಲಿಸುವುದು ಬೇಗ; ಒಂದು ಹಲ್ಲು ಇಳಿಸಿ ಓಡಿಸಿದರೆ ದಿಕ್ಕು ಸರಿಯೇ ಎಂಬುದು ಗೊತ್ತಾಗುತ್ತದೆ. ದಿಕ್ಕು ಸರಿ, ಆದರೆ ಬದಲಾವಣೆ ತುಸು ಹೆಚ್ಚಾಯಿತು ಎನಿಸಿದರೆ ಮುಂದೆ ಮತ್ತೆ 14 ಹಾಕಿ ಹಿಂದೆ 40ಕ್ಕೆ ಹೋಗಬಹುದು, ಅನುಪಾತ 2.86, ಅಂದರೆ ಎರಡರ ನಡುವಿನ ಜಾಗ. ಒಂದೇ ಅನುಪಾತ ಎರಡು ಜೋಡಿಗಳಿಂದ ಸಿಗುವಾಗ ದೊಡ್ಡ ಜೋಡಿ ಚೈನಿನ ಬಾಳಿಕೆಗೆ ಒಳ್ಳೆಯದು, ಏಕೆಂದರೆ ಚಿಕ್ಕ ಸ್ಪ್ರಾಕೆಟ್ಟಿನ ಸುತ್ತ ಪ್ರತಿ ಕೊಂಡಿಯೂ ಹೆಚ್ಚು ಮಡಚಬೇಕಾಗುತ್ತದೆ. ಈ ಗಾಡಿಗಳಲ್ಲಿರುವ 520 ಅಳತೆಯ ಚೈನಿನ 14 ಹಲ್ಲಿನ ಸ್ಪ್ರಾಕೆಟ್ಟಿನ ವ್ಯಾಸ ಸುಮಾರು 71 ಮಿ.ಮೀ., 12 ಹಲ್ಲಿನದು 61 ಮಿ.ಮೀ. ಮಾತ್ರ, 12ಕ್ಕೆ ಇಳಿಸಿದರೆ ಚೈನ್ ಸ್ವಿಂಗ್‌ಆರ್ಮಿನ (ಹಿಂದಿನ ಆಕ್ಸಲ್ ಹೊತ್ತ ತೋಳಿನ) ರಬ್ಬರ್ ಪಟ್ಟಿಯನ್ನು ಉಜ್ಜಿ ತಿನ್ನತೊಡಗುತ್ತದೆ. ನನ್ನ ಮಟ್ಟಿಗೆ 13 ಕೊನೆಯ ಮೆಟ್ಟಿಲು. ಅದರಲ್ಲೊಂದು ಸಣ್ಣ ಲಾಭವೂ ಇದೆ: ಚೈನಿನ ಕೊಂಡಿಗಳ ಸಂಖ್ಯೆ ಯಾವಾಗಲೂ ಸಮವಾಗಿರುವುದರಿಂದ ಸಮಸಂಖ್ಯೆಯ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲಿಗೆ ಸದಾ ಒಂದೇ ಬಗೆಯ ಕೊಂಡಿ (ಒಳಗಿನದು ಅಥವಾ ಹೊರಗಿನದು) ಎದುರಾಗುತ್ತದೆ, 13ರಂಥ ಬೆಸಸಂಖ್ಯೆಯಲ್ಲಿ ಸರದಿ ಬದಲಾಗುತ್ತಾ ಸವೆತ ಎಲ್ಲ ಹಲ್ಲುಗಳಿಗೂ ಹಂಚಿಕೆಯಾಗುತ್ತದೆ. ಮುಂದೆ 15 ಅಥವಾ 16 ಹಾಕುವವರು ಎಂಜಿನ್ ಕೇಸಿಗೂ ಚೈನಿಗೂ ನಡುವೆ ಜಾಗ ಉಳಿದಿದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿಯೇ ಸ್ಟಾರ್ಟ್ ಮಾಡಬೇಕು.

ಹಿಂದಿನ ಸ್ಪ್ರಾಕೆಟ್ ದೊಡ್ಡದಾದಷ್ಟೂ ನೆಲಕ್ಕೆ ಹತ್ತಿರವಾಗುತ್ತದೆ. 38 ಹಲ್ಲಿನದರ ವ್ಯಾಸ ಸುಮಾರು 192 ಮಿ.ಮೀ., 42ರದ್ದು 212 ಮಿ.ಮೀ.; ಎರಡು ಹಲ್ಲು ಏರಿಸಿದರೆ ಕೆಳಗೆ 5 ಮಿ.ಮೀ. ಜಾಗ ಹೋಗುತ್ತದೆ ಎಂದು ಹಿಡಿಯಿರಿ. 18 ಇಂಚಿನ ಟೈರ್ ಇರುವ ಗಾಡಿಯಲ್ಲಿ 42 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಚೈನಿನಿಂದ ನೆಲಕ್ಕೆ ಕಾಗದದ ಲೆಕ್ಕದಲ್ಲೇ 115 ಮಿ.ಮೀ. ಆಸುಪಾಸು ಉಳಿಯುತ್ತದೆ, ಟೈರ್ ಕುಗ್ಗಿದಾಗ ಇನ್ನೂ ಕಡಿಮೆ. ಸಹ್ಯಾದ್ರಿಯ ಕರಿಗಲ್ಲಿನ ಹಾದಿಗಳಲ್ಲಿ ಇದು ಸಾಲದು. ಅಂಥ ಕಡೆ ಹಿಂದೆ 38 ಅಥವಾ 39 ಇಟ್ಟುಕೊಂಡು ಮುಂದೆ 13 ಹಾಕುವುದೇ ಜಾಣತನ, ಆಕ್ಸಲ್ ಕೆಳಗೆ ಅಲ್ಯುಮಿನಿಯಂ ಗಾರ್ಡ್ ಕಡ್ಡಾಯ.

ಚೈನಿನ ಉದ್ದವನ್ನೂ ಮೊದಲೇ ಲೆಕ್ಕ ಹಾಕಿ. 520 ಚೈನಿನ ಒಂದು ಕೊಂಡಿಯ ಅಳತೆ 15.875 ಮಿ.ಮೀ. ಮುಂದಾಗಲಿ ಹಿಂದಾಗಲಿ ಒಂದು ಹಲ್ಲು ಹೆಚ್ಚಿಸಿದರೆ ಆಕ್ಸಲ್ ಸುಮಾರು 4 ಮಿ.ಮೀ. ಮುಂದಕ್ಕೆ ಬರಬೇಕು, ಒಂದು ಹಲ್ಲು ಇಳಿಸಿದರೆ ಅಷ್ಟೇ ಹಿಂದಕ್ಕೆ ಹೋಗಬೇಕು. ಎರಡೂ ಸ್ಪ್ರಾಕೆಟ್‌ಗಳ ಹಲ್ಲುಗಳ ಮೊತ್ತ ಬದಲಾಗದಿದ್ದರೆ, ಉದಾಹರಣೆಗೆ 14ಕ್ಕೆ 38ರಿಂದ 13ಕ್ಕೆ 39ಕ್ಕೆ ಹೋದರೆ, ಆಕ್ಸಲ್ ಬಹುತೇಕ ಇದ್ದಲ್ಲೇ ಇರುತ್ತದೆ ಮತ್ತು ಇದ್ದ ಚೈನ್ ಸಾಕಾಗುತ್ತದೆ. ಹೋಂಡಾ, ಯಮಾಹಾದ ಅನೇಕ ಮಾದರಿಗಳಲ್ಲಿ ಹಿಂದಿನ ಬೇರಿಂಗ್ ಹೌಸಿಂಗನ್ನು ತಿರುಗಿಸಿ ಚೈನ್ ಬಿಗಿಗೊಳಿಸುವ ವ್ಯವಸ್ಥೆ ಇರುವುದರಿಂದ ಆಕ್ಸಲ್ ಸರಿಯುವಾಗ ತುಸು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಅದು ಒಂದು ತುದಿ ಮುಟ್ಟಿದರೆ ಚೈನಿನಿಂದ ಎರಡು ಕೊಂಡಿಗಳನ್ನು ಕತ್ತರಿಸಬೇಕು ಅಥವಾ ಸೇರಿಸಬೇಕು. ಅರ್ಧ ಕೊಂಡಿ ಹಾಕಿ ಹೊಂದಿಸುವವರ ಮಾತಿಗೆ ಕಿವಿಗೊಡಬೇಡಿ.

ಸಾಮಾನು ಎಲ್ಲಿ ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಪುಣೆಯ ನಾನಾ ಪೇಠ, ಮುಂಬೈಯ ಆಪೆರಾ ಹೌಸ್ ಸುತ್ತಿನ ಬಿಡಿಭಾಗಗಳ ಅಂಗಡಿಗಳಲ್ಲಿ 520 ಚೈನ್ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು, ಏಕೆಂದರೆ ಪುಣೆಯ ಪಕ್ಕದ ಚಾಕಣದಲ್ಲೇ ತಯಾರಾಗುವ ಕೆಟಿಎಂ 390 ಡ್ಯೂಕ್‌ಗೂ ಅದೇ ಅಳತೆಯ ಚೈನ್ ಬೇಕು. ಬೈಕಿನ ಚೈನ್ ಉದ್ದವಾಗಿರುವುದರಿಂದ ಕತ್ತರಿಸಿ ಬಳಸಿಕೊಳ್ಳಬಹುದು. ಆದರೆ ಬೈಕಿನ ಸ್ಪ್ರಾಕೆಟ್ ಎಟಿವಿಗೆ ಕೂರುವುದಿಲ್ಲ: ಮುಂದೆ ಸ್ಪ್ಲೈನ್ (ಶಾಫ್ಟಿನ ಮೇಲೆ ಕೂರುವ ಒಳ ಹಲ್ಲುಗಳು) ಬೇರೆ, ಹಿಂದೆ ಬೋಲ್ಟುಗಳ ವೃತ್ತ ಬೇರೆ. ಹಾಗೆಯೇ ಸಾಮಾನ್ಯ ಬೈಕುಗಳ 428 ಚೈನಿನ ಕೊಂಡಿ 12.7 ಮಿ.ಮೀ. ಆದ್ದರಿಂದ ಅದನ್ನು 520ರ ಸ್ಪ್ರಾಕೆಟ್ಟಿನ ಮೇಲೆ ಹಾಕುವ ಪ್ರಶ್ನೆಯೇ ಏಳದು. 525 ಚೈನ್‌ನ ಕೊಂಡಿ 15.875 ಮಿ.ಮೀ. ಇದ್ದರೂ ಅಗಲ ಹೆಚ್ಚು. ಡಬ್ಬಿಯ ಮೇಲಿನ ಸಂಖ್ಯೆ ಓದದೆ ತಂದರೆ ಅದು ಹಲ್ಲುಗಳ ಮೇಲೆ ಅತ್ತಿತ್ತ ಆಡುತ್ತದೆ.

ಹಿಂದಿನ ಸ್ಪ್ರಾಕೆಟ್ ಆಮದು ಮಾಡಿಕೊಳ್ಳಲು ಕಾಯುವ ತಾಳ್ಮೆ ಇಲ್ಲದವರು ಭೋಸರಿ, ಚಿಂಚವಡದ ವರ್ಕ್‌ಶಾಪುಗಳಲ್ಲಿ ಮಾಡಿಸಿಕೊಳ್ಳಬಹುದು. ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ಅಲ್ಲಿನ ಲೇಥ್, ಮಿಲ್ಲಿಂಗ್ ಯಂತ್ರಗಳ ಮುಂದೆ ಬಾಳು ಕಟ್ಟಿಕೊಂಡ ನಮ್ಮವರು ಬಹಳ ಮಂದಿ ಇದ್ದಾರೆ, ಕನ್ನಡದಲ್ಲೇ ಕೆಲಸ ವಿವರಿಸಬಹುದು. ಹಳೆಯ ಸ್ಪ್ರಾಕೆಟ್ಟನ್ನು ಮಾದರಿಯಾಗಿ ಕೊಡಿ, ಆದರೆ ಹಲ್ಲಿನ ಆಕಾರವನ್ನು ಅದರಿಂದ ನಕಲು ಮಾಡದಂತೆ ಹೇಳಿ, ಏಕೆಂದರೆ ಸವೆದ ಹಲ್ಲಿನ ನಕಲು ಹೊಸದಾಗಿಯೇ ಸವೆದಿರುತ್ತದೆ. ಬೋಲ್ಟಿನ ತೂತು ಮತ್ತು ನಡುವಿನ ರಂಧ್ರಕ್ಕಷ್ಟೇ ಅದು ಆಧಾರ. ಇಎನ್ 8 ಉಕ್ಕು ಬಳಸಿ ಹಲ್ಲುಗಳನ್ನು ಇಂಡಕ್ಷನ್ ಹಾರ್ಡನಿಂಗ್ (ಕಾಯಿಸಿ ಗಟ್ಟಿಗೊಳಿಸುವುದು) ಮಾಡಿಸಿದರೆ ಸಾಕು. 520 ಚೈನಿನ ಒಳ ಅಗಲ 6.35 ಮಿ.ಮೀ. ಇರುವುದರಿಂದ ಹಲ್ಲು ಅದಕ್ಕಿಂತ ತೆಳ್ಳಗಿದ್ದು ಅಂಚುಗಳನ್ನು ಇಳಿಜಾರಾಗಿ ಉಜ್ಜಿರಬೇಕು. ಮುಂದಿನ ಸ್ಪ್ರಾಕೆಟ್ಟನ್ನು ಮಾತ್ರ ಹೀಗೆ ಮಾಡಿಸುವುದು ಬೇಡ. ಸ್ಪ್ಲೈನ್ ಸಡಿಲವಾದರೆ ಗೇರ್‌ಬಾಕ್ಸಿನ ಶಾಫ್ಟೇ ಹಾಳಾಗುತ್ತದೆ, ಆ ಖರ್ಚಿನ ಮುಂದೆ ಆಮದಿನ ಖರ್ಚು ಏನೂ ಅಲ್ಲ. ಅಲ್ಯುಮಿನಿಯಂ ಸ್ಪ್ರಾಕೆಟ್ ಹಗುರವೇನೋ ಸರಿ, ರೇಸಿಗೆ ಹೋಗುವವರು ಹಾಕಿಕೊಳ್ಳಲಿ. ಕೆಸರು, ಕಲ್ಲುಪುಡಿಯ ನಡುವೆ ವಾರಾಂತ್ಯ ಕಳೆಯುವವರಿಗೆ ಉಕ್ಕಿನದೇ ಬಾಳುತ್ತದೆ.

ಹಳೆಯ ಚೈನಿನ ಮೇಲೆ ಹೊಸ ಸ್ಪ್ರಾಕೆಟ್ ಹಾಕುವ ಮೊದಲು ಚೈನನ್ನು ಬಿಗಿಯಾಗಿ ಎಳೆದು ಹಿಡಿದು 20 ಕೊಂಡಿಗಳ ಉದ್ದ ಅಳೆಯಿರಿ. ಹೊಸದರಲ್ಲಿ ಅದು 317.5 ಮಿ.ಮೀ.; 320.7 ದಾಟಿದ್ದರೆ ಶೇಕಡಾ 1ರಷ್ಟು ಹಿಗ್ಗಿದೆ ಎಂದರ್ಥ, ಆಗ ಚೈನನ್ನೂ ಬದಲಿಸಿಬಿಡಿ. ಹಿಗ್ಗಿದ ಚೈನ್ ಹೊಸ ಹಲ್ಲುಗಳನ್ನು ಬಹುಬೇಗ ಕೊಕ್ಕೆಯಾಗಿಸುತ್ತದೆ.

ಜೋಡಿಸುವಾಗ ಮುಂದಿನ ಸ್ಪ್ರಾಕೆಟ್ಟಿನ ನಟ್ಟನ್ನು ಚೈನ್ ಬಿಚ್ಚುವ ಮೊದಲೇ, ಹಿಂದಿನ ಬ್ರೇಕ್ ಒತ್ತಿ ಹಿಡಿದು ಸಡಿಲಿಸಿ. ಚೈನ್ ತೆಗೆದ ಮೇಲೆ ಶಾಫ್ಟನ್ನು ಹಿಡಿದು ನಿಲ್ಲಿಸುವುದು ಕಷ್ಟ. ಮಡಚಿದ ಲಾಕ್ ವಾಷರ್ ಇದ್ದರೆ ಹೊಸದನ್ನೇ ಹಾಕಿ, ನಟ್ಟನ್ನು ಗಾಡಿಯ ಮ್ಯಾನುಯಲ್ಲಿನಲ್ಲಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಚೈನಿನ ಸಡಿಲವನ್ನು ಗಾಡಿ ಸ್ಟ್ಯಾಂಡಿನ ಮೇಲಿರುವಾಗ ನೋಡಿ ಬಿಟ್ಟುಬಿಡಬೇಡಿ: ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ಕೀಲು ಮತ್ತು ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ, ಆದ್ದರಿಂದ ಒಬ್ಬಿಬ್ಬರನ್ನು ಹಿಂದೆ ಕೂರಿಸಿ ಆ ಸ್ಥಿತಿ ತಂದು ಆಗಲೂ ತುಸು ಸಡಿಲ ಉಳಿದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಮೊದಲ ಸವಾರಿ ಮುಗಿದು ಗಾಡಿ ತಣ್ಣಗಾದ ಮೇಲೆ ಹಿಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳನ್ನೂ ಚೈನಿನ ಸಡಿಲವನ್ನೂ ಇನ್ನೊಮ್ಮೆ ಪರೀಕ್ಷಿಸಿ, ತೆಗೆದ ಹಳೆಯ ಸ್ಪ್ರಾಕೆಟ್ ಸವೆದಿಲ್ಲದಿದ್ದರೆ ಗ್ರೀಸ್ ಸವರಿ, ಹಲ್ಲಿನ ಸಂಖ್ಯೆ ಬರೆದ ಚೀಟಿ ಕಟ್ಟಿ ಟೂಲ್‌ಬಾಕ್ಸಿನಲ್ಲಿ ಇಟ್ಟುಕೊಳ್ಳಿ.